ಹೊಸ ಗೆಡ್ಡೆಯ ಭಾನುವಾರ

— ಗಿಡದ ಬುಡದಲ್ಲಿ ಗೆಡ್ಡೆ ಕಟ್ಟಿದೆ, ಮನೇಲಿ ಬೇಯಿಸೋಕೆ ಏನೂ ಇಲ್ಲ, ಆದ್ರೂ ಕೀಳೋ ಹಾಗಿಲ್ಲ ಅಂದ್ರೆ ಅದ್ಯಾವ ನ್ಯಾಯ ಕಣಮ್ಮ? ನಾವಾದ್ರೆ ಸಾರಿಗೆ ಅಂತ ಒಂದೆರಡು ಗಿಡ ಕೆದಕೇ ಕೆದಕ್ತೀವಿ.

— ತೀರಾ ಕಷ್ಟಕ್ಕೆ ಸಿಕ್ಕವರು ಅಲ್ಲೂ ಕೆದಕ್ತಿದ್ರು ದೊಡ್ಡಪ್ಪ. ಆದ್ರೆ ಅದು ತಲೆ ತಗ್ಗಿಸೋ ಕೆಲಸ. ಐರ್ಲೆಂಡಿನ ಹಳ್ಳಿಗಳಲ್ಲಿ ಹೊಸ ಆಲೂಗೆಡ್ಡೆಗೆ ಒಂದು ದಿನ ಗೊತ್ತಾಗಿತ್ತು. ಜುಲೈ ಕೊನೇ ಭಾನುವಾರ, ಕೆಲವು ಸೀಮೆಯಲ್ಲಿ ಆಗಸ್ಟಿನ ಮೊದಲನೇ ಭಾನುವಾರ. ಅದಕ್ಕೆ ಮುಂಚೆ ಕಿತ್ತ ಅಂದ್ರೆ ಆ ಮನೆ ಯಜಮಾನನಿಗೆ ಸಂಸಾರ ತೂಗಿಸೋಕೆ ಬರಲ್ಲ ಅಂತ ಊರು ತೀರ್ಮಾನ ಮಾಡ್ತಿತ್ತು. ಆ ದಿನ ಬಂತು ಅಂದ್ರೆ, ಎಂಥ ಬಡವನೇ ಆಗಲಿ, ಮನೆ ಮಂದಿಗೆಲ್ಲ ಹೊಟ್ಟೆ ತುಂಬ ಹೊಸ ಗೆಡ್ಡೆ ಬಡಿಸಲೇಬೇಕು.

— ಹಬ್ಬ ಅನ್ನು.

— ಹಬ್ಬವೇ. ಒಂದು ಕಡೆ ಹೂಮಾಲೆ ಭಾನುವಾರ, ಬೆಟ್ಟ ಹತ್ತಿ ಕಾಡುಹಣ್ಣು ಕೀಳೋ ಕಡೆ ಹಣ್ಣಿನ ಭಾನುವಾರ. ಮೂಲದಲ್ಲಿ ಅದು ಲೂಗ್ ಅನ್ನೋ ಹಳೇ ದೇವರ ಸುಗ್ಗಿ ಹಬ್ಬ, ಕ್ರೈಸ್ತ ಧರ್ಮ ಬರೋಕೆ ಮುಂಚಿನದು. ಆಗ ಅದು ಧಾನ್ಯದ ಹೊಸ ತೆನೆಗೆ ನಡೀತಿತ್ತು. 16ನೇ ಶತಮಾನದ ಕೊನೆ ಹೊತ್ತಿಗೆ ದಕ್ಷಿಣ ಅಮೆರಿಕದ ಗೆಡ್ಡೆ ಅಲ್ಲಿಗೆ ಬಂತು. ನಿಧಾನಕ್ಕೆ ಬಡವರ ಊಟದಲ್ಲಿ ಧಾನ್ಯದ ಜಾಗ ಹಿಡೀತು. ಊಟ ಬದಲಾದ ಮೇಲೆ ಹಬ್ಬವೂ ಗೆಡ್ಡೆ ಕಡೆಗೆ ತಿರುಗಿತು. ಮಾಯ್ರಾ ಮ್ಯಾಕ್‌ನೀಲ್ ಅನ್ನೋ ವಿದ್ವಾಂಸೆ ಊರೂರಿನ ನೆನಪು ಸೇರಿಸಿ 1962ರಲ್ಲಿ ಈ ಒಂದೇ ಹಬ್ಬದ ಮೇಲೆ ದಪ್ಪ ಪುಸ್ತಕ ತಂದಿದ್ದಾರೆ.

— ಆಸ್ಪತ್ರೆ ಕೆಲಸಕ್ಕೆ ಅಂತ ಹೋದವಳು ನೀನು. ನಿನಗೆ ಇದೆಲ್ಲ ಎಲ್ಲಿಂದ ಬಂತು?

— ನಾನಿರೋದು ಮೇಯೊ ಜಿಲ್ಲೆಯಲ್ಲಿ. ಪಕ್ಕದ ಮನೆ ಅಜ್ಜಿ ಸ್ವಲ್ಪ ಹೇಳಿದ್ರು. ಬಾಕಿಯೆಲ್ಲ ಶಾಲೆ ಮಕ್ಕಳು ಹೇಳಿದ್ದು. 1937ರಿಂದ 39ರವರೆಗೆ ಅಲ್ಲಿನ ಜಾನಪದ ಆಯೋಗ ಒಂದು ದೊಡ್ಡ ಕೆಲಸ ಮಾಡ್ತು ದೊಡ್ಡಪ್ಪ. ಸುಮಾರು 5,000 ಶಾಲೆಗಳ ಮಕ್ಕಳಿಗೆ, ಮನೇಲಿ ಅಜ್ಜ ಅಜ್ಜಿಯನ್ನ ಕೇಳಿ ಬರ್ಕೊಂಡು ಬನ್ನಿ ಅಂತ ವಿಷಯ ಕೊಟ್ರು. ಮನೆ ಮದ್ದು, ಬಾವಿ ಕಥೆ, ಮದುವೆ ಶಾಸ್ತ್ರ, ಎಲ್ಲ. ಅದರಲ್ಲಿ ಒಂದು ವಿಷಯ ಆಲೂಗೆಡ್ಡೆ ಬೆಳೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳು ದುಂಡಗೆ ಬರೆದ ಪುಟಗಳು ಈಗಲೂ ಇವೆ. ನಮ್ಮಪ್ಪ ಇಷ್ಟು ಜಾಗದಲ್ಲಿ ಹಾಕ್ತಾರೆ, ಅಮ್ಮ ಬಿತ್ತನೆ ಹೆಚ್ಚುತ್ತಾಳೆ, ಅಕ್ಕಪಕ್ಕದವರು ಮುಯ್ಯಾಳಿಗೆ ಬರ್ತಾರೆ, ಇಂತಿಂಥ ತಳಿ ನಮ್ಮೂರಿಗೆ ಒಗ್ಗುತ್ತೆ ಅಂತ. ಓದ್ತಾ ಕೂತ್ರೆ ರಾತ್ರಿ ಕಳೆದದ್ದು ಗೊತ್ತಾಗಲ್ಲ.

— ನಮ್ಮೂರ ಮಕ್ಕಳ ಕೈಲೂ ಯಾರಾದ್ರೂ ಹಾಗೆ ಬರೆಸಿದ್ರೆ ಎಷ್ಟು ಚೆನ್ನಾಗಿತ್ತು. ಸರಿ, ನೆಲದ ಮಾತು ಹೇಳು. ನೇಗಿಲು ಹೂಡ್ತಿದ್ರಾ?

— ಪೂರ್ವದ ಬಯಲಲ್ಲಿ ಹೂಡ್ತಿದ್ರು. ಪಶ್ಚಿಮದ ಕಡೆ ಇಳಿಜಾರು, ಕಲ್ಲು, ಜೌಗು. ಅಲ್ಲಿ ಎಲ್ಲ ಲಾಯ್‌ದೇ ಕೆಲಸ. ಲಾಯ್ ಅಂದ್ರೆ ಸಲಿಕೆನೇ, ಆದ್ರೆ ಅಲಗು ಕಿರಿದು, ಮರದ ಹಿಡಿ ಉದ್ದ ಮತ್ತು ಭಾರ, ಒಂದೇ ಬದಿಯಲ್ಲಿ ಕಾಲಿಡೋಕೆ ಮೆಟ್ಟು. ಮೊದಲು ಹಗ್ಗ ಎಳೆದು ಮಡಿಯ ಅಗಲ ಗುರುತು ಮಾಡೋದು, ಮೂರು ನಾಲ್ಕು ಅಡಿ. ಆ ಪಟ್ಟೆಯನ್ನ ಅಗೆಯೋದೇ ಇಲ್ಲ. ಹುಲ್ಲು ಇದ್ದ ಹಾಗೇ ಇರುತ್ತೆ, ಅದರ ಮೇಲೆ ಕೊಟ್ಟಿಗೆ ಗೊಬ್ಬರವನ್ನೋ ಕಡಲಪಾಚಿಯನ್ನೋ ಹರಡೋದು. ಆಮೇಲೆ ಪಟ್ಟೆ ಪಕ್ಕ ನಿಂತು, ಅಲಗನ್ನ ನೆಲಕ್ಕೆ ಊರಿ, ಮೆಟ್ಟಿನ ಮೇಲೆ ಪಾದ ಇಟ್ಟು ತುಳಿದು, ಹಿಡಿಯನ್ನ ಹಿಂದಕ್ಕೆ ಒತ್ತಿದ್ರೆ ಹುಲ್ಲು ಸಮೇತ ಒಂದು ಹೆಂಟೆ ಏಳುತ್ತೆ. ಅದನ್ನ ಬೇರು ಮೇಲಾಗಿ ಮಗುಚಿ, ಹುಲ್ಲಿಗೆ ಹುಲ್ಲು ಕೂಡೋ ಹಾಗೆ ಪಟ್ಟೆಯ ಮೇಲೆ ಮಲಗಿಸೋದು. ಆಚೆ ಬದಿಯಿಂದಲೂ ಹಾಗೇ. ಎರಡು ಬದಿಯ ಹೆಂಟೆ ನಡುವಲ್ಲಿ ಸೇರಿದ್ರೆ ಒಂದು ಏರುಮಡಿ ಆಯ್ತು.

— ತಾಳು. ಒಳಗೆ ಸಿಕ್ಕ ಹುಲ್ಲು ಎರಡು ಪದರ. ಅದು ಕೊಳೆತು ಗೊಬ್ಬರ ಆಗುತ್ತೆ, ಕೊಳೆಯೋವಾಗ ಬಿಸಿನೂ ಕೊಡುತ್ತೆ. ಹೆಂಟೆ ಎತ್ತಿದ ಜಾಗ ಕಾಲುವೆ ಆಯ್ತು, ಮಳೆ ನೀರು ಅಲ್ಲೇ ಇಳಿದು ಹೋಗುತ್ತೆ. ಗೆಡ್ಡೆ ಎತ್ತರದಲ್ಲಿ ಒಣಗಿ ಕೂತಿರುತ್ತೆ. ಜಾಣರು ಕಣಮ್ಮ! ಜೌಗಲ್ಲಿ ಗೆಡ್ಡೆ ಬೆಳೀಬೇಕು ಅಂದ್ರೆ ಇದಕ್ಕಿಂತ ಬೇರೆ ದಾರಿ ಇಲ್ಲ.

— ಅದನ್ನ ನೋಡಿ ಇಂಗ್ಲಿಷರು ಸೋಮಾರಿಗಳ ಮಡಿ ಅಂತ ಹೆಸರಿಟ್ರು.

— ಯಾಕಂತೆ?

— ಪಟ್ಟೆಯ ನೆಲ ಉಳೋದಿಲ್ಲವಲ್ಲ, ಅರ್ಧ ಕೆಲಸ ತಪ್ಪಿಸಿಕೊಂಡ್ರು ಅಂತ.

— ಅವರ ಕೈಗೆ ಒಂದು ದಿನ ಆ ಸಲಿಕೆ ಕೊಡಬೇಕಿತ್ತು.

— ಆರನ್ ದ್ವೀಪಗಳಲ್ಲಿ ಮಗುಚೋಕೆ ಹೆಂಟೆಯೂ ಇಲ್ಲದ ಜಾಗ ಬೇಕಾದಷ್ಟಿದೆ ದೊಡ್ಡಪ್ಪ. ಬರೀ ಸುಣ್ಣಕಲ್ಲಿನ ಬಂಡೆ. ಆ ಜನ ಬಂಡೆ ಬಿರುಕಿಗೆ ಕಲ್ಲು ತುಂಬಿ, ಸಮುದ್ರದಿಂದ ಮರಳು, ಪಾಚಿ ಬುಟ್ಟಿಯಲ್ಲಿ ಹೊತ್ತು ತಂದು, ಒಂದರ ಮೇಲೆ ಒಂದು ಹಾಸಿ ಮಣ್ಣನ್ನೇ ತಯಾರು ಮಾಡಿದ್ರು. ಗಾಳಿ ಆ ಮಣ್ಣು ಹೊತ್ಕೊಂಡು ಹೋಗಬಾರದು ಅಂತ ಸುತ್ತ ಕಲ್ಲಿನ ಗೋಡೆ. 1934ರಲ್ಲಿ ರಾಬರ್ಟ್ ಫ್ಲಾಹರ್ಟಿ ಆ ದ್ವೀಪದ ಮೇಲೆ ತೆಗೆದ ಚಿತ್ರದಲ್ಲಿ ಹೊಲ ಕಟ್ಟೋದನ್ನ ತೋರಿಸಿದ್ದಾರೆ, ನಿಮಗೊಂದು ದಿನ ಹಾಕಿ ತೋರಿಸ್ತೀನಿ.

— ಬಿತ್ತನೆ? ನಾವು ಜಲಂಧರ್ ಕಡೆ ಲಾರಿ ಬಂತಾ, ಇವತ್ತು ರೇಟು ಎಷ್ಟು ಅಂತ ಹಾಸನದ ಮಾರುಕಟ್ಟೆಯಲ್ಲಿ ಕಾಯ್ತೀವಿ. ಅವರದ್ದು?

— ಹೆಚ್ಚಿನವರದ್ದು ಮನೆ ಬಿತ್ತನೆ. ಹಿಂದಿನ ವರ್ಷದ ಗೆಡ್ಡೆಯಲ್ಲಿ ಆರಿಸಿ ಇಟ್ಟದ್ದು. ಹೆಚ್ಚೋದು ಹೆಂಗಸರ ಕೆಲಸ. ಒಂದೊಂದು ಹೋಳಿಗೆ ಒಂದು ಕಣ್ಣಾದರೂ ಇರಬೇಕು. ಕಣ್ಣಿಲ್ಲದೆ ಉಳಿದ ನಡುವಿನ ತಿರುಳು ಹಂದಿಗೋ ದನಕ್ಕೋ ಹೋಗ್ತಿತ್ತು, ಕಷ್ಟದ ವರ್ಷ ಮನೆಯ ಪಾತ್ರೆಗೇ. ಹೋಳಿನ ಗಾಯ ಆರಲಿ ಅಂತ ಸುಣ್ಣನೋ ಬೂದಿನೋ ಸವರೋರು. ಆಮೇಲೆ ಮಡಿಯಲ್ಲಿ ಮರದ ಗೂಟದಿಂದ ತೂತು ಮಾಡ್ತಾ ಒಬ್ಬರು ಮುಂದೆ, ಮಡಿಲು ತುಂಬ ಹೋಳು ಕಟ್ಕೊಂಡು ತೂತಿಗೊಂದು ಹಾಕ್ತಾ ಮಕ್ಕಳೋ ಹೆಂಗಸರೋ ಹಿಂದೆ. ಮೊಳಕೆ ಬಂದ ಮೇಲೆ ಕಾಲುವೆಯ ಮಣ್ಣು ಎತ್ತಿ ಮಡಿಗೆ ಏರಿಸೋದು.

— ಶುರು ಮಾಡೋಕೆ ದಿನ ಗಿನ ನೋಡ್ತಿದ್ರಾ? ನಮಗೆ ಮಳೆ ನಕ್ಷತ್ರ ಇದ್ದ ಹಾಗೆ?

— ಅವರಿಗೆ ಸಂತರ ದಿನಗಳು. ಫೆಬ್ರವರಿ 1 ಸಂತ ಬ್ರಿಜಿಡ್ ದಿನ, ಅವರ ಲೆಕ್ಕದಲ್ಲಿ ಅಲ್ಲಿಂದ ವಸಂತ. ಹಿಂದಿನ ರಾತ್ರಿ ಜೊಂಡು ತಂದು ಶಿಲುಬೆ ಹೆಣೆದು ಮನೆಗೂ ಕೊಟ್ಟಿಗೆಗೂ ಕಟ್ಟೋದು. ಒಂದು ತುಂಡು ಬಟ್ಟೆಯನ್ನ ಹೊರಗೆ ಹಾಕಿ, ರಾತ್ರಿ ಬ್ರಿಜಿಡ್ ಹಾದುಹೋಗೋವಾಗ ಮುಟ್ಟಿರ್ತಾಳೆ ಅಂತ ಬೆಳಗ್ಗೆ ಎತ್ತಿಟ್ಟು, ವರ್ಷವಿಡೀ ತಲೆನೋವಿಗೂ ಹಸು ಈಯೋದಕ್ಕೂ ಬಳಸೋದು. ಆ ರಾತ್ರಿ ಊಟಕ್ಕೆ ಗೆಡ್ಡೆಯನ್ನ ನುಣ್ಣಗೆ ಅರೆದು, ಬೆಣ್ಣೆ ಧಾರಾಳ ಹಾಕಿ ಬಡಿಸೋದು. ಈ ಹಬ್ಬ ಮಾಸಿ ಹೋಗಿಲ್ಲ, 2023ರಿಂದ ಅಲ್ಲಿ ಅದಕ್ಕೆ ಸರ್ಕಾರಿ ರಜೆಯೂ ಇದೆ. ಮಾರ್ಚ್ 17 ಸಂತ ಪ್ಯಾಟ್ರಿಕ್ ದಿನ. ಬೇಗ ಬರೋ ಗೆಡ್ಡೆ ಅಷ್ಟರಲ್ಲಿ ನೆಲ ಸೇರಿರಬೇಕು. ಗುಡ್ ಫ್ರೈಡೇ ಮಾತ್ರ ಊರಿಗೊಂದು ಥರ. ಅಂದು ನೆಲಕ್ಕೆ ಕಬ್ಬಿಣ ತಾಗಿಸಬಾರದು ಅನ್ನೋರು ಕೆಲವರು, ಒಂದಿಷ್ಟಾದರೂ ಊರಿದ್ರೆ ಇಡೀ ಬೆಳೆಗೆ ಆಶೀರ್ವಾದ ಸಿಗುತ್ತೆ ಅನ್ನೋರು ಕೆಲವರು. ಬಿತ್ತನೆ ಮೇಲೆ ಚರ್ಚಿನ ತೀರ್ಥ ಚಿಮುಕಿಸದೆ ಯಾರೂ ಊರ್ತಿರಲಿಲ್ಲ ಅಂತ ಅಜ್ಜಿ ಹೇಳ್ತಾರೆ. ಹೊಲದಲ್ಲಿ ಯಾರಾದ್ರೂ ಕೆಲಸ ಮಾಡ್ತಾ ಇದ್ರೆ ದಾರಿಹೋಕರು ದೇವರು ಈ ಕೆಲಸಕ್ಕೆ ಒಳ್ಳೇದು ಮಾಡಲಿ ಅಂತ ಹರಸದೆ ಮುಂದೆ ಹೋಗಬಾರದು.

— ಹರಸದೆ ಹೋದ್ರೆ?

— ದೃಷ್ಟಿ ಹಾಕಿದ ಅಂತ ಸಂಶಯ. ಮಾಟವೂ ಇತ್ತು. ಮೇ ತಿಂಗಳ ಮೊದಲ ದಿನದ ಸುತ್ತ ಯಾರೋ ಆಗದವರು ಬಂದು ಮಡಿಯೊಳಗೆ ಕೋಳಿಮೊಟ್ಟೆ ಹೂತಿಟ್ಟು ಹೋಗ್ತಾರೆ, ಆ ಹೊಲದ ಅದೃಷ್ಟ ಅವರಿಗೆ ಹೋಗುತ್ತೆ ಅಂತ ಭಯ. ಗೆಡ್ಡೆ ಕೀಳೋವಾಗ ಅಂಥ ಮೊಟ್ಟೆ ಸಿಕ್ಕಿ ಎರಡು ಮನೆಗಳ ನಡುವೆ ಮಾತು ನಿಂತದ್ದೂ ಉಂಟು. ಮಡಿ ಎಲ್ಲಿದೆಯೋ ಅಲ್ಲಿ ಅಸೂಯೆಯೂ ಇರುತ್ತೆ ದೊಡ್ಡಪ್ಪ, ಅದನ್ನ ಮುಚ್ಚಿಟ್ಟು ಹಳ್ಳಿಯನ್ನ ಬರೀ ಚಂದ ಮಾಡಿ ಹೇಳೋದು ನನಗೆ ಸರಿ ಕಾಣಲ್ಲ.

— ಸರಿ ಹೇಳ್ದೆ. ಆಮೇಲೆ?

— ಜೂನ್ 23ರ ರಾತ್ರಿ ಸಂತ ಯೋಹಾನನ ಬೆಂಕಿ. ಗುಡ್ಡಗುಡ್ಡದ ಮೇಲೆ ದೊಡ್ಡ ಬೆಂಕಿ ಹಾಕಿ, ಸುತ್ತ ಪ್ರಾರ್ಥನೆ, ಕುಣಿತ. ಬೆಂಕಿ ಇಳಿದ ಮೇಲೆ ಪ್ರತಿ ಮನೆಯವರೂ ಒಂದು ಕೆಂಡದ ಕೊಳ್ಳಿ ಒಯ್ದು ತಮ್ಮ ಗೆಡ್ಡೆ ಹೊಲಕ್ಕೆ ಎಸೀತಿದ್ರು. ಬೆಳೆಗೆ ಕೇಡು ತಟ್ಟದಿರಲಿ ಅಂತ. ನಾನಿರೋ ಕಡೆ ಈಗಲೂ ಆ ರಾತ್ರಿ ಬೆಂಕಿ ಕಾಣುತ್ತೆ. ಇದಾದ ಮೇಲೆ ಬರೋದೇ ಆ ಕೆಟ್ಟ ತಿಂಗಳು.

— ಜುಲೈ.

— ಹಸಿವಿನ ಜುಲೈ ಅಂತಲೇ ಹೆಸರು. ಹಳೇ ಗೆಡ್ಡೆ ಬೇಸಿಗೆ ಮೊದಲಲ್ಲೇ ಮೊಳೆತು ಸುಕ್ಕಾಗಿ ಮುಗಿದಿರುತ್ತೆ. ಹೊಸದು ಇನ್ನೂ ಗೋಲಿ ಗಾತ್ರ. ಧಾನ್ಯವನ್ನ ಹಾಗೆ ವರ್ಷಗಟ್ಟಲೆ ಇಡಬಹುದು, ಗೆಡ್ಡೆಯನ್ನ ಇಡೋಕಾಗಲ್ಲ, ಅದೇ ಅದರ ದೊಡ್ಡ ದೋಷ. ಆ ದಿನಗಳಲ್ಲಿ ಜನ ಊರ ಸಾಹುಕಾರನ ಹತ್ರ ಓಟ್ಸ್ ಹಿಟ್ಟು ಸಾಲ ತರೋರು, ಬಡ್ಡಿ ಮೇಲೆ ಬಡ್ಡಿ. ಅದೂ ಸಿಗದವರು ಎಲೆಕೋಸು, ತುರಿಕೆಸೊಪ್ಪು, ಕಡಲ ದಂಡೆಯ ಚಿಪ್ಪುಮೀನು ಬೇಯಿಸ್ಕೊಂಡು ದಿನ ತಳ್ಳೋರು.

— ಈಗ ಗೊತ್ತಾಯ್ತು ಆ ನಿಯಮ ಯಾಕೆ ಅಂತ. ಜುಲೈನಲ್ಲಿ ಒಂದು ಗಿಡ ಕಿತ್ರೆ ಸಿಗೋದು ಒಂದು ಹಿಡಿ. ಅದೇ ಗಿಡ ಅಕ್ಟೋಬರ್‌ವರೆಗೆ ನಿಂತ್ರೆ ಅರ್ಧ ಬುಟ್ಟಿ. ಹಸಿದವನ ಕೈ ಮಡಿಗೆ ಹೋದ್ರೆ ಮುಂದಿನ ವರ್ಷದ ಜುಲೈ ಇನ್ನೂ ಮೂರು ವಾರ ಉದ್ದ ಆಗುತ್ತೆ. ಅದನ್ನ ತಡೆಯೋಕೆ ಊರೇ ಒಂದು ದಿನ ಗೊತ್ತು ಮಾಡ್ತು.

— ನನಗೂ ಹಾಗೇ ಅನ್ಸುತ್ತೆ ದೊಡ್ಡಪ್ಪ. ಹಸಿದವನಿಗೆ ಒಬ್ಬನೇ ಕಾಯೋದು ಕಷ್ಟ. ಊರೆಲ್ಲ ಒಟ್ಟಿಗೆ ಕಾಯೋದಾದ್ರೆ ಆಗುತ್ತೆ, ಯಾಕಂದ್ರೆ ಕೊನೇಲಿ ಒಂದು ಗೊತ್ತಾದ ದಿನ ಇದೆ, ಅವತ್ತು ಎಲ್ಲರ ಮನೇಲೂ ಪಾತ್ರೆ ತುಂಬುತ್ತೆ. ಆ ಭಾನುವಾರದ ಬೆಟ್ಟ ಹತ್ತೋದು, ಹುಡುಗ ಹುಡುಗಿಯರು ಹಣ್ಣು ಆಯೋ ನೆಪದಲ್ಲಿ ಜೊತೆ ನೋಡ್ಕೊಳ್ಳೋದು, ಪಿಟೀಲು, ಕುಣಿತ ಎಲ್ಲ ಆ ತುಂಬಿದ ಪಾತ್ರೆಯ ಸುತ್ತ ಹುಟ್ಟಿದ್ದು. ಮೇಯೊದಲ್ಲಿ ಕ್ರೋ ಪ್ಯಾಟ್ರಿಕ್ ಅಂತ 764 ಮೀಟರ್ ಎತ್ತರದ ಚೂಪು ಬೆಟ್ಟ ಇದೆ. ಈಗಲೂ ಜುಲೈ ಕೊನೇ ಭಾನುವಾರ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಆ ಜಾರುಗಲ್ಲಿನ ಮೇಲೆ ಬರಿಗಾಲಲ್ಲಿ.

— ಆ ಮೊದಲ ಊಟ ಹೇಗಿರ್ತಿತ್ತು?

— ಮೂರು ಕಾಲಿನ ಕಬ್ಬಿಣದ ಮಡಕೆ, ಕೆಳಗೆ ಪೀಟ್ ಬೆಂಕಿ. ಜೌಗಿನ ಮಣ್ಣನ್ನೇ ಇಟ್ಟಿಗೆ ಥರ ಕೊಯ್ದು ಒಣಗಿಸಿ ಉರಿಸ್ತಾರೆ, ಹೊಗೆಗೆ ಒಂಥರಾ ಸಿಹಿ ವಾಸನೆ. ಗೆಡ್ಡೆ ಸಿಪ್ಪೆ ಸಮೇತ ಬೆಂದ ಮೇಲೆ, ಬೆತ್ತದಂಥ ಕಡ್ಡಿಯಲ್ಲಿ ಹೆಣೆದ ಅಗಲ ಬುಟ್ಟಿಗೆ ಅಂಗಳದಲ್ಲಿ ಬಗ್ಗಿಸ್ತಾರೆ. ನೀರು ಸೋರಿಹೋಗುತ್ತೆ, ಹಬೆ ಏಳುತ್ತೆ. ಖಾಲಿ ಮಡಕೆಯ ಬಾಯಿ ಮೇಲೆ ಅದೇ ಬುಟ್ಟಿ ಇಟ್ರೆ ಅದೇ ಊಟದ ಮೇಜು. ನಡುವೆ ಒಂದು ಬಟ್ಟಲು ಉಪ್ಪು, ಪಕ್ಕದಲ್ಲಿ ಮಜ್ಜಿಗೆ. ಸುತ್ತ ಮನೆಮಂದಿ ಕುಕ್ಕರಗಾಲಲ್ಲಿ, ಸಣ್ಣ ಸ್ಟೂಲಿನ ಮೇಲೆ. ತಟ್ಟೆ ಇಲ್ಲ, ಚಮಚ ಇಲ್ಲ. ಬಿಸಿ ಗೆಡ್ಡೆಯನ್ನ ಒಂದು ಕೈಯಿಂದ ಇನ್ನೊಂದು ಕೈಗೆ ಹಾಕ್ತಾ ಹೆಬ್ಬೆರಳ ಉಗುರಲ್ಲಿ ಸಿಪ್ಪೆ ಸುಲಿಯೋದು, ಉಪ್ಪಿಗೆ ಅದ್ದೋದು. ಸಿಪ್ಪೆ ಹಂದಿಗೆ. ಆ ಹಂದಿ ಮಾರಿದ ದುಡ್ಡೇ ಜಮೀನ್ದಾರನ ಗೇಣಿ, ಹಾಗಾಗಿ ಹಂದಿಯನ್ನ ಗೇಣಿ ಕಟ್ಟೋ ಯಜಮಾನ ಅಂತ ಕರೀತಿದ್ರು. ಕಷ್ಟದ ಕಾಲದಲ್ಲಿ ಗೆಡ್ಡೆಯನ್ನ ಪೂರ್ತಿ ಬೇಯಿಸ್ತಿರಲಿಲ್ಲ. ನಡುವೆ ಗಟ್ಟಿ ಉಳಿದ್ರೆ ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುತ್ತೆ, ಸಂಜೆವರೆಗೆ ತಡೆಯುತ್ತೆ ಅಂತ.

— ಬರೀ ಗೆಡ್ಡೆ ತಿಂದು ಮೈ ಬಗ್ಗಿಸಿ ದುಡಿಯೋಕಾಗುತ್ತಾ?

— ಮಜ್ಜಿಗೆ ಜೊತೆ ಆಗುತ್ತೆ. ಆ ಎರಡರಲ್ಲಿ ಮೈಗೆ ಬೇಕಾದ್ದು ಹೆಚ್ಚುಕಡಿಮೆ ಎಲ್ಲ ಇದೆ. ದುಡಿಯೋ ಗಂಡಸು ದಿನಕ್ಕೆ ಐದಾರು ಕಿಲೋ ತಿಂತಿದ್ದ. 1845ರಲ್ಲಿ ಶುರುವಾದ ದೊಡ್ಡ ಬರಗಾಲಕ್ಕೆ ಮುಂಚೆ ಅಲ್ಲಿಗೆ ಬಂದ ಪರದೇಶದ ಪ್ರವಾಸಿಗರು ಜನರ ಗುಡಿಸಲು ನೋಡಿ ಮರುಗಿದ್ದಾರೆ, ಮೈಕಟ್ಟು ನೋಡಿ ಬೆರಗಾಗಿದ್ದಾರೆ.

— ಕೊಯ್ಲು ಯಾವಾಗ ಮುಗೀತಿತ್ತು?

— ಅಕ್ಟೋಬರ್ 31ರ ಒಳಗೆ ಎಲ್ಲ ಮೇಲೆ ಬಂದಿರಬೇಕು. ಅದು ಅವರ ಹ್ಯಾಲೋವೀನ್, ಅಲ್ಲಿಂದ ಚಳಿಗಾಲ. ಕಿತ್ತ ಗೆಡ್ಡೆಯನ್ನ ಹೊಲದಲ್ಲೇ ಉದ್ದಕ್ಕೆ ರಾಶಿ ಹಾಕಿ, ಜೊಂಡು ಇಲ್ಲ ಹುಲ್ಲು ದಪ್ಪಗೆ ಹೊದಿಸಿ, ಮೇಲೆ ಮಣ್ಣು ಮೆತ್ತಿ ಸಲಿಕೆ ಬೆನ್ನಲ್ಲಿ ತಟ್ಟೋರು. ಹಿಮ ತಾಗಲ್ಲ, ಬೆಳಕು ತಾಗಲ್ಲ. ಆ ರಾತ್ರಿ ಊಟ ಕೋಲ್‌ಕ್ಯಾನನ್. ಅರೆದ ಗೆಡ್ಡೆಗೆ ಕೇಲ್ ಸೊಪ್ಪು ಕೂಡಿಸಿ ಗುಡ್ಡೆ ಮಾಡಿ, ನೆತ್ತಿಯಲ್ಲಿ ಗುಳಿ ತೆಗೆದು ಬೆಣ್ಣೆ ಕರಗಿಸೋದು. ಒಳಗೆ ಒಂದು ಉಂಗುರ, ಒಂದು ನಾಣ್ಯ ಬಚ್ಚಿಟ್ಟಿರ್ತಾರೆ. ಉಂಗುರ ಸಿಕ್ಕ ಹುಡುಗಿಗೆ ವರ್ಷದೊಳಗೆ ಮದುವೆ. ಸತ್ತ ಹಿರಿಯರು ಅವತ್ತು ಮನೆಗೆ ಬರ್ತಾರೆ ಅಂತ ಒಲೆ ಬೆಂಕಿ ಆರಿಸದೆ, ಬಾಗಿಲಿಗೆ ಅಗುಳಿ ಹಾಕದೆ, ಅವರಿಗೊಂದು ಪಾಲು ಎತ್ತಿಟ್ಟು ಮಲಗ್ತಿದ್ರು.

— ಇಷ್ಟೆಲ್ಲ ಕಟ್ಟುಪಾಡು ಇದ್ದ ಜನ ಆ ಬರಗಾಲದಲ್ಲಿ ಹಾಗೆ ನಾಶ ಆದದ್ದು ಹೇಗೆ? ಬೇಜಾರು ಮಾಡ್ಕೋಬೇಡ, ರೈತನಾಗಿ ಕೇಳ್ತೀನಿ. ಒಂದೇ ಬೆಳೆ, ಅದರಲ್ಲೂ ಒಂದೇ ತಳಿ ನೆಚ್ಚಿಕೊಂಡದ್ದು ತಪ್ಪಲ್ವಾ?

— ತಳಿಯ ಮಾತು ನಿಜ. ಲಂಪರ್ ಅಂತ ಒಂದು ತಳಿ 1800ರ ನಂತರ ಹರಡಿತು. ನೀರು ನೀರು, ರುಚಿ ಅಷ್ಟಕ್ಕಷ್ಟೇ, ಆದ್ರೆ ಬಡ ನೆಲದಲ್ಲೂ, ಕಡಿಮೆ ಗೊಬ್ಬರಕ್ಕೂ ರಾಶಿ ಕೊಡ್ತಿತ್ತು. ಹೋಳಿಂದ ಹೋಳು ಬೆಳೆಸಿದ್ದರಿಂದ ದೇಶದ ತುಂಬ ಅದೊಂದೇ ಗಿಡ ಇದ್ದ ಹಾಗೆ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂತು. ಆದ್ರೆ ಬೆಳೆಯ ಮಾತನ್ನ ಒಪ್ಪಲ್ಲ ದೊಡ್ಡಪ್ಪ. ಅವರು ಓಟ್ಸ್ ಬೆಳೀತಿದ್ರು, ಬಾರ್ಲಿ ಬೆಳೀತಿದ್ರು, ಹಂದಿ ಸಾಕ್ತಿದ್ರು. ಅದೆಲ್ಲ ಗೇಣಿಗೆ. ಕೂಲಿಯವನಿಗೆ ಅದೂ ಇಲ್ಲ, ಒಂದು ಬೆಳೆಯ ಮಟ್ಟಿಗೆ ಅರ್ಧ ಎಕರೆ ತುಂಡು ಜಾಗ ಕೊಟ್ಟು, ಅದರ ಬಾಡಿಗೆಯನ್ನ ಅವನ ದುಡಿಮೆಯಲ್ಲಿ ಮುರ್ಕೊಳ್ತಿದ್ರು. ಒಂದು ಸಂಸಾರವನ್ನ ಒಂದು ಎಕರೆಯಲ್ಲಿ ಸಾಕೋ ಬೆಳೆ ಇನ್ನೊಂದಿಲ್ಲ. ಅವರು ಆರಿಸ್ಕೊಂಡದ್ದಲ್ಲ, ಉಳಿದದ್ದು ಅದೊಂದೇ.

— ಓಟ್ಸ್ ತಿಂದು ಗೇಣಿ ತಪ್ಪಿಸಿದ್ರೆ ಮನೆಯಿಂದ ಹೊರಗೆ.

— ಹೊರಗೆ ಹಾಕಿ ಛಾವಣಿ ಕಿತ್ತು ಹಾಕ್ತಿದ್ರು, ಮತ್ತೆ ಬರಬಾರದು ಅಂತ. 1845ರ ಬೇಸಿಗೆ ಕೊನೆಗೆ ಗೆಡ್ಡೆಗೆ ಅಂಗಮಾರಿ ರೋಗ ಬಂತು. ಮರುವರ್ಷ ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ ಅನ್ನೋ ಪಾದ್ರಿ ಜುಲೈ 27ಕ್ಕೆ ಕಾರ್ಕ್‌ನಿಂದ ಡಬ್ಲಿನ್‌ಗೆ ಹೋಗೋವಾಗ ದಾರಿಯುದ್ದಕ್ಕೂ ಹೊಲ ನಳನಳಿಸ್ತಿತ್ತು. ಆಗಸ್ಟ್ 3ಕ್ಕೆ ವಾಪಸ್ ಬರೋವಾಗ ಅದೇ ಹೊಲಗಳು ಕೊಳೆತು ಕಪ್ಪಾಗಿದ್ದವು, ಜನ ಬೇಲಿ ಮೇಲೆ ಕೂತು ಕೈ ಹಿಸುಕಿಕೊಂಡು ಅಳ್ತಿದ್ರು ಅಂತ ಬರೆದಿದ್ದಾರೆ. ತಾರೀಖು ಗಮನಿಸಿ. ಹೊಸ ಗೆಡ್ಡೆಯ ಭಾನುವಾರ ಬರೋ ವಾರ ಅದು.

— ಆ ವಾಸನೆ ನನಗೆ ಗೊತ್ತು. ರಾತ್ರಿ ಹಸಿರಾಗಿದ್ದ ಹೊಲ, ಎರಡು ದಿನ ಮಂಜು ಮುಸುಕಿದ್ರೆ ಸುಟ್ಟ ಹಾಗೆ ನಿಂತಿರುತ್ತೆ. ನಮ್ಮ ಹಾಸನದ ಕಡೆ ಎಷ್ಟು ಜನ ಅದಕ್ಕೆ ಹೆದರಿ ಗೆಡ್ಡೆ ಬಿಟ್ಟು ಜೋಳಕ್ಕೆ ಹೋದ್ರು. ಅದೇ ರೋಗವಾ?

— ಅದೇ. ಫೈಟಾಫ್ತೊರಾ ಇನ್ಫೆಸ್ಟನ್ಸ್. ಮುಂದಿನದ್ದು ಇನ್ನೂ ಘೋರ. 1847ರಲ್ಲಿ ರೋಗ ಅಷ್ಟಾಗಿ ಇರಲಿಲ್ಲ. ಆದ್ರೆ ಬಿತ್ತೋಕೆ ಏನಿತ್ತು? ಹಸಿವಿಗೆ ಬಿತ್ತನೆಯನ್ನೇ ತಿಂದಿದ್ರು. 1845ರಲ್ಲಿ ಸುಮಾರು 20 ಲಕ್ಷ ಎಕರೆ ಇದ್ದ ಗೆಡ್ಡೆ ಆ ವರ್ಷ ಮೂರು ಲಕ್ಷ ಎಕರೆಯೂ ಇರಲಿಲ್ಲ. ಅದೇ ವರ್ಷ ಸರ್ಕಾರ ಇನ್ನೊಂದು ಕಾನೂನು ತಂತು. ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ಪರಿಹಾರದ ಗಂಜಿ ಇಲ್ಲ. ನೆಲ ಬಿಟ್ಟುಕೊಡು, ಆಮೇಲೆ ಕೈ ಚಾಚು.

— ನೆಲ ಬಿಟ್ರೆ ಮುಂದಿನ ವರ್ಷ ಬಿತ್ತೋದು ಎಲ್ಲಿ?

— ಬಿತ್ತಬಾರದು ಅಂತಲೇ ಅಲ್ವಾ ಅದು? ಹತ್ತು ಲಕ್ಷ ಜನ ಸತ್ರು. ಅಷ್ಟೇ ಜನ, ಇನ್ನೂ ಹೆಚ್ಚೇ, ಹಡಗು ಹತ್ತಿದ್ರು. 1841ರ ಜನಗಣತಿಯಲ್ಲಿ 82 ಲಕ್ಷದ ಹತ್ತಿರ ಇದ್ದದ್ದು 1851ಕ್ಕೆ ಸುಮಾರು 65 ಲಕ್ಷ. ಲಂಡನ್ನಿನ ಖಜಾನೆಯಲ್ಲಿ ಕೂತು ಪರಿಹಾರದ ಕೈ ಬಿಗಿ ಹಿಡಿದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್, ಇದು ಆ ಜನರನ್ನ ತಿದ್ದೋಕೆ ದೇವರೇ ಕಳಿಸಿದ ಏಟು ಅನ್ನೋ ಧಾಟಿಯಲ್ಲಿ 1848ರಲ್ಲೇ ಪುಸ್ತಕ ಬರೆದ. ಆತನೇ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದದ್ದು. ಮಂಗಳೂರು, ಬಳ್ಳಾರಿ ಎಲ್ಲ ಆಗ ಅವನ ಕೈಕೆಳಗೆ.

— ಅಯ್ಯೋ ಶಿವನೇ.

— ಇನ್ನೊಂದು ಹೇಳಬೇಕು. ಐರ್ಲೆಂಡಿಗೆ ಹೊರದೇಶದಿಂದ ಮೊದಮೊದಲು ಬಂದ ನೆರವಿನಲ್ಲಿ ಕಲ್ಕತ್ತೆಯದ್ದೂ ಒಂದು. ಅಲ್ಲಿದ್ದ ಐರಿಷ್ ಸಿಪಾಯಿಗಳು, ಊರಿನ ಶ್ರೀಮಂತರು ಸೇರಿ ಸುಮಾರು 14,000 ಪೌಂಡ್ ಕಳಿಸಿದ್ರು.

— ಅಷ್ಟಾದ ಮೇಲೂ ಜನ ಮತ್ತೆ ಅದೇ ಗೆಡ್ಡೆ ಹಾಕಿದ್ರಾ?

— ಹಾಕಿದ್ರು. ಮತ್ತೇನು ಹಾಕ್ತಾರೆ? ಲಂಪರ್ ಹೋಗಿ ಬೇರೆ ತಳಿ ಬಂದವು. ಆದ್ರೆ ಮನೆ ಗೆಡ್ಡೆ ವರ್ಷಕ್ಕೆ ಸಾಲದೆ ಹೋಯ್ತು. ಅಕಿಲ್ ದ್ವೀಪದ ಹುಡುಗ ಹುಡುಗಿಯರು ತಮ್ಮ ಮಡಿ ನೆಟ್ಟು ಮುಗಿಸಿ ಜೂನ್‌ನಲ್ಲಿ ಸ್ಕಾಟ್ಲೆಂಡಿಗೆ ಹೋಗೋರು, ಅಲ್ಲಿನ ದೊಡ್ಡ ರೈತರ ಗೆಡ್ಡೆ ಕೀಳೋಕೆ. 1894ರ ಜೂನ್‌ನಲ್ಲಿ ಹಾಗೆ ಹೊರಟವರನ್ನ ಹಡಗಿಗೆ ಮುಟ್ಟಿಸೋ ದೋಣಿ ಕ್ಲೂ ಕೊಲ್ಲಿಯಲ್ಲಿ ಮಗುಚಿ 32 ಜನ ಮುಳುಗಿದ್ರು. ಆಗ ಅಕಿಲ್‌ಗೆ ರೈಲು ದಾರಿ ಹಾಕ್ತಾ ಇದ್ರು, ಇನ್ನೂ ಉದ್ಘಾಟನೆ ಆಗಿರಲಿಲ್ಲ. ಆ ದಾರಿಯಲ್ಲಿ ಓಡಿದ ಮೊದಲನೇ ಗಾಡಿ ತಂದದ್ದು ಆ ಹೆಣಗಳನ್ನ. 1937ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋ ಹತ್ತಿರ ಕಿರ್ಕಿನ್‌ಟಿಲಾಕ್ ಅನ್ನೋ ಊರಲ್ಲಿ ಗೆಡ್ಡೆ ಕೀಳೋ ಹುಡುಗರು ಮಲಗಿದ್ದ ಕೊಟ್ಟಿಗೆಗೆ ಬೆಂಕಿ ಬಿತ್ತು, ಬಾಗಿಲಿಗೆ ಬೀಗ. ಅಕಿಲ್‌ನ ಹತ್ತು ಹುಡುಗರು ಸತ್ರು. ಅವರನ್ನೂ ಅದೇ ರೈಲು ತಂತು. ಅದೇ ತಿಂಗಳ ಕೊನೆಗೆ ಆ ದಾರಿ ಮುಚ್ಚಿದ್ರು.

— ನೀನು ಆ ದ್ವೀಪಕ್ಕೆ ಹೋಗಿದ್ದೀಯಾ?

— ಹೋಗಿದ್ದೆ. ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಪಾಳುಬಿದ್ದ ಹಳ್ಳಿ ಇದೆ, ಉದ್ದಕ್ಕೂ ಛಾವಣಿ ಇಲ್ಲದ ಕಲ್ಲುಮನೆಗಳು. ಮನೆಗಳಿಗಿಂತ ನನ್ನ ಕಣ್ಣು ಹೋದದ್ದು ಸುತ್ತಲಿನ ನೆಲಕ್ಕೆ. ಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನ ಕೆಳಗಿಂದ ಏರುಮಡಿ, ಕಾಲುವೆ, ಏರುಮಡಿ, ಕಾಲುವೆ ಸಾಲಾಗಿ ಏಳುತ್ತವೆ. ಈಗ ಅಲ್ಲಿ ಕುರಿ ಮೇಯ್ತಿವೆ. ಎಷ್ಟು ಎತ್ತರದವರೆಗೆ ಹೋಗಿದ್ರು ಅಂತ ನೋಡಿದ್ರೆ ಸಂಕಟ ಆಗುತ್ತೆ, ಆ ಕಡಿದಾದ ಜಾಗಕ್ಕೆ ಪಾಚಿ ಬುಟ್ಟಿ ಹೊತ್ಕೊಂಡು ಹತ್ತಬೇಕಲ್ಲ.

— ರೋಗಕ್ಕೆ ಮದ್ದು ಯಾವಾಗ ಸಿಕ್ತು?

— 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಅಂತ ಕಂಡುಹಿಡಿದ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು.

— ಅದು ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗಕ್ಕೆ ಹೊಡೆಯೋದಲ್ವಾ!

— ಅದೇ ದೊಡ್ಡಪ್ಪ. ಕೊಳೆರೋಗ ತರೋದೂ ಈ ಅಂಗಮಾರಿಯ ದಾಯಾದಿಯೇ, ಒಂದೇ ಕುಲ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಅಡಿಕೆ ತೋಟಗಳಿಗೆ ಇದನ್ನ ಹೊಡೆಸಿ ತೋರಿಸಿದ್ರು. ಐರ್ಲೆಂಡಿನಲ್ಲಿ ಅದಕ್ಕೆ ಒಂದಿಷ್ಟು ವರ್ಷ ಮೊದಲೇ ಶುರುವಾಗಿತ್ತು. ಹೊಲದ ಮೂಲೇಲಿ ಪೀಪಾಯಿ, ನೀಲಿ ನೀರು. ಬೆನ್ನಿಗೆ ಹಾಕೋ ಪಂಪು ಕೊಳ್ಳೋಕಾಗದವರು ಪೊರಕೆ ಅದ್ದಿ ಗಿಡದ ಮೇಲೆ ಚಿಮುಕಿಸ್ತಿದ್ರು.

— ಯಾವಾಗ ಹೊಡೀಬೇಕು ಅಂತ ಹೇಗೆ ಗೊತ್ತಾಗ್ತಿತ್ತು? ನಮ್ಮ ಕಷ್ಟವೇ ಅದು. ಮಳೆಗೆ ಮುಂಚೆ ಹೊಡೆದ್ರೆ ತೊಳೆದುಹೋಗುತ್ತೆ, ಆಮೇಲೆ ಹೊಡೆದ್ರೆ ಕೈ ಮೀರಿರುತ್ತೆ.

— ಅದಕ್ಕೆ ಅವರೊಂದು ಲೆಕ್ಕ ಕಟ್ಟಿದ್ದಾರೆ. ಅಲ್ಲಿನ ಹವಾಮಾನ ಇಲಾಖೆಯಲ್ಲಿದ್ದ ಆಸ್ಟಿನ್ ಬರ್ಕ್ ಅನ್ನೋರು 1950ರ ದಶಕದಲ್ಲಿ ಮಾಡಿದ್ದು. ಆ ಬರಗಾಲದ ಬಗ್ಗೆ ಜೀವನಪೂರ್ತಿ ಓದಿ ಬರೆದವರು ಅವರು. ಸತತ 12 ಗಂಟೆ ಗಾಳಿಯಲ್ಲಿ ತೇವ ಶೇಕಡಾ 90ಕ್ಕಿಂತ ಕೆಳಗೆ ಇಳಿಯದೆ, ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಹೋಗದೆ ಇದ್ರೆ ರೋಗ ಹುಟ್ಟೋಕೆ ನೆಲ ಹದ ಆಯ್ತು ಅಂತ. ಆಮೇಲೆ ಎಲೆ ಒದ್ದೆ ಇದ್ದಷ್ಟು ಹೊತ್ತೂ ಅಪಾಯ. ಈಗಲೂ ಬೇಸಿಗೆಯಲ್ಲಿ ರೇಡಿಯೋ ಹವಾಮಾನ ವರದಿಯಲ್ಲಿ ಅಂಗಮಾರಿ ಎಚ್ಚರಿಕೆ ಬರುತ್ತೆ. ಅಜ್ಜಿ ಅಡುಗೆಮನೆಯಲ್ಲಿ ಎಲ್ಲ ಕೆಲಸ ನಿಲ್ಲಿಸಿ ಅದನ್ನ ಕೇಳ್ತಾರೆ. ಅವರಿಗಿರೋದು ಹಿತ್ತಲಲ್ಲಿ ನಾಲ್ಕು ಮಡಿ, ಅಷ್ಟೇ.

— ತೊಂಬತ್ತು, ಹತ್ತು, ಹನ್ನೆರಡು. ನಮ್ಮ ಹಾಸನದಲ್ಲಿ ಮೇ ತಿಂಗಳ ಬಿತ್ತನೆಯಿಂದ ಕೊಯ್ಲಿನವರೆಗೆ ಹತ್ತು ಡಿಗ್ರಿಗೆ ಇಳಿಯೋ ಮಾತೇ ಇಲ್ಲ. ಹಾಗಾದ್ರೆ ಉಷ್ಣದ ಲೆಕ್ಕ ನಮಗೆ ಬೇಕಾಗಿಲ್ಲ, ತೇವ ಒಂದನ್ನ ಹಿಡಿದ್ರೆ ಸಾಕು. ಅದನ್ನ ಅಳೆಯೋ ಯಂತ್ರ ಸಿಗುತ್ತಾ?

— ಸಣ್ಣದು ಸಿಗುತ್ತೆ. ಗಿಡದ ಎತ್ತರಕ್ಕೆ ಒಂದು ಗೂಟಕ್ಕೆ ಕಟ್ಟಿ, ಬಿಸಿಲು ಮಳೆ ನೇರ ಬೀಳದ ಹಾಗೆ ಮೇಲೆ ಮರೆ ಮಾಡಬೇಕು. ರಾತ್ರಿ ಎಷ್ಟು ಹೊತ್ತು ತೊಂಬತ್ತರ ಮೇಲಿತ್ತು ಅಂತ ಅದೇ ನೆನಪಿಟ್ಕೊಳ್ಳೋ ಥರದ್ದೂ ಇದೆ.

— ಎರಡು ತರಿಸು. ಒಂದು ಕೆರೆ ಕೆಳಗಿನ ಹೊಲಕ್ಕೆ, ಒಂದು ದಿಣ್ಣೆ ಹೊಲಕ್ಕೆ. ಎರಡು ಕಡೆ ತೇವ ಒಂದೇ ಇರಲ್ಲ, ಕೆರೆ ಕೆಳಗೆ ಬೆಳಗ್ಗೆ ಒಂಬತ್ತಾದ್ರೂ ಎಲೆ ಒದ್ದೆ ಇರುತ್ತೆ. ಆಷಾಢದ ಜಿಟಿಜಿಟಿ ಹಿಡಿಯೋಕೆ ಮುಂಚೆ ಕೈಗೆ ಬರಬೇಕು ನೋಡು.